ಇಂಗ್ಲಿಷ್ ಪ್ರಬಂಧಕ್ಕೆ 'ವೇಗ್', 'ಆಕ್‌ವರ್ಡ್' ಅಂತ ಷರಾ ಬಿದ್ದಿದೆ, ತಿದ್ದೋದು ಎಲ್ಲಿಂದ ಶುರು ಮಾಡ್ಬೇಕು?

ಗಿರಿದಾರಿ (ಚಿಕ್ಕಮಗಳೂರು)

ಎಲ್ರಿಗೂ ನಮಸ್ಕಾರ. ಬಿ.ಎ. ಎರಡನೇ ವರ್ಷ, ಪಿಯುಸಿವರೆಗೂ ಕನ್ನಡ ಮಾಧ್ಯಮ. ಗಿರಿಧಾಮಗಳ ಪ್ರವಾಸೋದ್ಯಮದ ಬಗ್ಗೆ 600 ಪದಗಳ ಇಂಗ್ಲಿಷ್ ಪ್ರಬಂಧ ಕೊಟ್ಟಿದ್ದೆ. ಸ್ಪೆಲಿಂಗ್ ತಪ್ಪು ಎರಡೋ ಮೂರೋ ಅಷ್ಟೇ. ಆದ್ರೂ ಮಾರ್ಜಿನ್ ತುಂಬ 'ವೇಗ್', 'ಆಕ್‌ವರ್ಡ್', 'ರಿವೈಸ್' ಅಂತ ಬರೆದು ವಾಪಸ್ ಬಂದಿದೆ. ಹತ್ತು ದಿನದಲ್ಲಿ ತಿದ್ದಿ ಕೊಡ್ಬೇಕು. ಒಂದು ಪ್ಯಾರಾ ಹಾಕ್ತಿದೀನಿ, ಇಂಗ್ಲಿಷನ್ನ ಕನ್ನಡ ಅಕ್ಷರದಲ್ಲೇ:

"ಇನ್ ಚಿಕ್ಕಮಗಳೂರು ಮೆನಿ ಟೂರಿಸ್ಟ್ಸ್ ಆರ್ ಕಮಿಂಗ್ ಇನ್ ವೀಕೆಂಡ್. ಬಿಕಾಸ್ ಆಫ್ ದಿಸ್ ಟ್ರಾಫಿಕ್ ಈಸ್ ಮೋರ್. ಪ್ಲಾಸ್ಟಿಕ್ ಆಲ್ಸೋ. ಆಲ್‌ದೋ ಹೋಂಸ್ಟೇ ಪೀಪಲ್ ಆರ್ ಗೆಟಿಂಗ್ ಇನ್‌ಕಮ್, ಬಟ್ ನೇಚರ್ ಈಸ್ ಸ್ಪಾಯಿಲಿಂಗ್. ಸೋ ಗವರ್ನಮೆಂಟ್ ಶುಡ್ ಟೇಕ್ ನೆಸೆಸರಿ ಆಕ್ಷನ್."

ಮೊದಲು ಕನ್ನಡದಲ್ಲಿ ಪೂರ್ತಿ ಬರೆದು ಆಮೇಲೆ ಇಂಗ್ಲಿಷ್ ಮಾಡಿದ್ದು. ಅದೇ ತಪ್ಪಾಯ್ತಾ?

ಕೆಂಪುಶಾಯಿ (ಹಾಸನ)

ವ್ಯಾಕರಣ ಸದ್ಯಕ್ಕೆ ಬದಿಗಿಡಿ. 'ವೇಗ್' ಅಂದ್ರೆ ಇಂಗ್ಲಿಷ್ ತಪ್ಪಿದೆ ಅಂತಲ್ಲ, ಹೇಳಿದ ಮಾತು ಕೈಗೆ ಸಿಗ್ತಿಲ್ಲ ಅಂತ. ನಿಮ್ಮ ಕೊನೇ ವಾಕ್ಯ ನೋಡಿ, 'ಸರ್ಕಾರ ಅಗತ್ಯ ಕ್ರಮ ಕೈಗೊಳ್ಳಬೇಕು'. ಇದನ್ನ ಸಕಲೇಶಪುರದ ಕಾಡಾನೆ ಪ್ರಬಂಧದ ಕೊನೆಗೂ ಅಂಟಿಸಬಹುದು, ಕಾಫಿ ಬೆಲೆ ಪ್ರಬಂಧದ ಕೊನೆಗೂ ಅಂಟಿಸಬಹುದು. ಹಾಗೆ ಎಲ್ಲಿ ಬೇಕಾದ್ರೂ ಅಂಟೋ ವಾಕ್ಯ ಕಂಡ್ರೆ ಹೊಡೆದುಹಾಕಿ.

ಥೀಸಿಸ್ಸಿಗೆ, ಅಂದ್ರೆ ಪ್ರಬಂಧ ಸಾಧಿಸೋಕೆ ಹೊರಟ ಮುಖ್ಯ ಮಾತಿಗೆ, ಒಂದೇ ಪರೀಕ್ಷೆ: ಓದಿದವರು 'ನಾನು ಒಪ್ಪಲ್ಲ' ಅನ್ನೋಕೆ ಆಗ್ಬೇಕು. 'ಪ್ರವಾಸೋದ್ಯಮದಿಂದ ಲಾಭವೂ ಇದೆ, ನಷ್ಟವೂ ಇದೆ' ಅಂದ್ರೆ ಯಾರೂ ತಕರಾರು ತೆಗೆಯಲ್ಲ, ಅದು ಥೀಸಿಸ್ಸೇ ಅಲ್ಲ. 'ಮುಳ್ಳಯ್ಯನಗಿರಿಗೆ ವಾರಾಂತ್ಯದಲ್ಲಿ ಖಾಸಗಿ ಕಾರು ಬಿಡದೆ ಕೆಳಗಿನ ಕೈಮರ ಚೆಕ್‌ಪೋಸ್ಟಿನಿಂದ ಮಿನಿ ಬಸ್ ಓಡಿಸಬೇಕು, ಯಾಕಂದ್ರೆ ಮೇಲಿನ ರಸ್ತೆ ಕಿರಿದು' ಅಂದು ನೋಡಿ, ಹೋಂಸ್ಟೇಯವರು ಮೊದಲು ಜಗಳಕ್ಕೆ ಬರ್ತಾರೆ. ಆ ಜಗಳಕ್ಕೆ ಉತ್ತರ ಕೊಡೋದೇ ನಿಮ್ಮ ಮೂರನೇ ಇಲ್ಲಾ ನಾಲ್ಕನೇ ಪ್ಯಾರಾ.

ಇನ್ನು ಸಾಕ್ಷಿ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ ಅನ್ನೋದು ನಿಜ, ಆದ್ರೆ ಈ ವಾದಕ್ಕೆ ಅದು ಸಾಕ್ಷಿಯಲ್ಲ, ಬರೀ ಅಲಂಕಾರ. ಅದರ ಬದಲು ಭಾನುವಾರ ಬೆಳಿಗ್ಗೆ 9ರಿಂದ 10, ಬುಧವಾರವೂ ಅದೇ ಹೊತ್ತಿಗೆ, ಕೈಮರ ಚೆಕ್‌ಪೋಸ್ಟ್ ಹತ್ರ ನಿಂತು ಮೇಲೆ ಹೋಗೋ ಗಾಡಿ ಎಣಿಸಿ. ಬೈಕು, ಕಾರು, ಟಿಟಿ (ಟೆಂಪೋ ಟ್ರಾವೆಲರ್), ಬೇರೆ ಬೇರೆ ಗೀಟು ಹಾಕಿ. ತಾರೀಖು, ಹೊತ್ತು, ಮಳೆ ಇತ್ತಾ ಇಲ್ವಾ ಎಲ್ಲ ಬರ್ಕೊಳಿ. ಒಂದು ಭಾನುವಾರದ ಲೆಕ್ಕ ಇಟ್ಕೊಂಡು 'ಪ್ರತಿ ವಾರಾಂತ್ಯ' ಅಂತ ಮಾತ್ರ ಬರೀಬೇಡಿ.

600 ಪದದ ಅಳತೆ: ಪೀಠಿಕೆ 80, ನಡುವಿನ ಮೂರು ಪ್ಯಾರಾ ತಲಾ 145ರ ಆಸುಪಾಸು, ಮುಗಿಸೋಕೆ 80. ಒಂದು ಪ್ಯಾರಾಕ್ಕೆ ಒಂದೇ ಮಾತು. ನಿಮ್ಮ ಐದು ವಾಕ್ಯದಲ್ಲಿ ಟ್ರಾಫಿಕ್, ಪ್ಲಾಸ್ಟಿಕ್, ಆದಾಯ, ಪ್ರಕೃತಿ, ಸರ್ಕಾರ ಅಂತ ಐದು ವಿಷಯ ಕೂತಿದೆ.

ಒತ್ತಕ್ಷರ (ಹಾಸನ)

'ಆಕ್‌ವರ್ಡ್' ಬಿದ್ದಿರುವ ಕಡೆಗಳ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ವಾಕ್ಯಗಳು ಕನ್ನಡದಲ್ಲಿ ಸರಿಯಾಗಿಯೇ ಇವೆ. ಕನ್ನಡದ ಅದೇ ಅಚ್ಚಿಗೆ ಇಂಗ್ಲಿಷ್ ಪದ ಸುರಿದದ್ದರಿಂದ ಕೆಟ್ಟಿದೆ.

'ಪ್ಲಾಸ್ಟಿಕ್ಕೂ ಅಷ್ಟೇ' ಎನ್ನುವುದು ನಮಗೆ ಪೂರ್ಣ ವಾಕ್ಯ, 'ಪ್ಲಾಸ್ಟಿಕ್ ಆಲ್ಸೋ' ಎನ್ನುವುದರಲ್ಲಿ ಕ್ರಿಯಾಪದವೇ ಇಲ್ಲ. ನಮ್ಮ 'ಜಾಸ್ತಿ' ಎಲ್ಲದಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ಟ್ರಾಫಿಕ್ 'ಹೆವಿ'. 'ಮೋರ್' ಎಂದರೆ ಯಾವುದಕ್ಕಿಂತ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ವಾಡಿಕೆಯಾಗಿ ನಡೆಯುವುದಕ್ಕೆ 'ಆರ್ ಕಮಿಂಗ್' ಅಲ್ಲ, 'ಕಮ್'. ಬರುತ್ತಾರೆ, ಬರುತ್ತಿದ್ದಾರೆ ಎಂಬ ವ್ಯತ್ಯಾಸ ನಮ್ಮಲ್ಲೂ ಇದೆ, ಬರೆಯುವಾಗ ಮರೆಯುತ್ತೇವೆ. 'ಆಲ್‌ದೋ' ಬಂದ ಮೇಲೆ 'ಬಟ್' ಬೇಡ, ಎರಡೂ ಒಂದೇ ಕೆಲಸಕ್ಕೆ. 'ಡಿಸ್ಕಸ್ ಅಬೌಟ್' ಕೂಡ 'ಬಗ್ಗೆ' ಎಂಬುದರ ನೆರಳು, ಬರೀ 'ಡಿಸ್ಕಸ್' ಸಾಕು. 'ಹತ್ತು ಗಾಡಿ ಬಂತು' ಎಂದರೆ ನಮಗೆ ನಡೆಯುತ್ತದೆ, ಅಲ್ಲಿ ಬಹುವಚನದ 'ಎಸ್' ಕಡ್ಡಾಯ.

ಎಲ್ಲಕ್ಕಿಂತ ದೊಡ್ಡದು 'ನೇಚರ್ ಈಸ್ ಸ್ಪಾಯಿಲಿಂಗ್'. 'ಹಾಳಾಗ್ತಿದೆ' ಎಂದು ಕನ್ನಡದಲ್ಲಿ ಹೇಳಿದರೆ ಹಾಳು ಮಾಡಿದವರ ಹೆಸರು ಹೇಳದೆ ಜಾರಿಕೊಳ್ಳಬಹುದು. ಯಾರು, ಏನನ್ನು, ಹೇಗೆ ಎಂದು ಕೇಳಿಕೊಳ್ಳಿ. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲಿನ ಮೇಲೆ ಗಾಡಿ ನಿಲ್ಲಿಸುತ್ತಾರೆ ಎಂಬುದು ನಿಮ್ಮ ಮನಸ್ಸಿನಲ್ಲಿದ್ದರೆ ಹಾಗೆಯೇ ಬರೆಯಿರಿ: 'ವಿಸಿಟರ್ಸ್ ಪಾರ್ಕ್ ಆನ್ ದ ಗ್ರಾಸ್‌ಲ್ಯಾಂಡ್'. 'ಆಕ್‌ವರ್ಡ್', 'ವೇಗ್' ಎರಡೂ ಒಟ್ಟಿಗೇ ಹೋಗುತ್ತವೆ.

'ಎ', 'ದ' ಗೊಂದಲಕ್ಕೆ ಒರಟು ಉಪಾಯ: ಕನ್ನಡದಲ್ಲಿ 'ಒಂದು' ಅಥವಾ 'ಒಬ್ಬ' ಕೂರುವ ಕಡೆ 'ಎ', 'ಆ' ಕೂರುವ ಕಡೆ 'ದ'. ಹತ್ತರಲ್ಲಿ ಹತ್ತಕ್ಕೂ ಒಪ್ಪುವುದಿಲ್ಲ, ಆದರೂ ಕೈ ಹಿಡಿಯುತ್ತದೆ.

ಆದ್ದರಿಂದ ಕನ್ನಡದಲ್ಲಿ ಪೂರ್ತಿ ಬರೆದು ಅನುವಾದಿಸಬೇಡಿ.

ಕೆಂಪುಶಾಯಿ (ಹಾಸನ)

ಒತ್ತಕ್ಷರ ಸರ್, ಅರ್ಧ ಒಪ್ತೀನಿ. ಕನ್ನಡ ಪೂರ್ತಿ ಬಿಡಿಸಿದ್ರೆ ಯೋಚನೆಯೇ ನಿಂತುಹೋಗುತ್ತೆ. ವಾದದ ಪಟ್ಟಿ ಕನ್ನಡದಲ್ಲೇ ಮಾಡ್ಕೊಳ್ಳಲಿ, ತುಂಡು ತುಂಡು ಪದಗಳಲ್ಲಿ. ಇಡೀ ವಾಕ್ಯ ಮಾತ್ರ ಇಂಗ್ಲಿಷಲ್ಲೇ ಕಟ್ಟಲಿ.

ಗಿರಿದಾರಿ (ಚಿಕ್ಕಮಗಳೂರು)

ಇಬ್ರಿಗೂ ಥ್ಯಾಂಕ್ಸ್ ಸರ್. ತಿದ್ದೋ ಕ್ರಮ ಹೇಗೆ? ಎಷ್ಟು ಸಲ ಓದ್ಬೇಕು? ಫೋನಲ್ಲಿ ಗ್ರಾಮರ್ ಚೆಕ್ಕರ್ ಇದೆ, ಅದು ಸಾಕಾಗಲ್ವಾ?

ಅಂಚಿನ ಗೀಟು (ಬೇಲೂರು)

ಬರೆದ ಮೇಲೆ ಒಂದು ದಿನ ಮುಟ್ಟಬೇಡಿ ಕಣಪ್ಪ. ಆಮೇಲೆ ಸಾಲುಗಳ ಮಧ್ಯೆ ಜಾಗ ಬಿಟ್ಟು ಪ್ರಿಂಟ್ ತೆಗೆಸಿ, ಪರದೆ ಮೇಲೆ ಕಣ್ಣು ಜಾರುತ್ತೆ.

ಮೊದಲನೇ ಸುತ್ತು ಪೆನ್ಸಿಲ್ ಹಿಡಿದು, ಪ್ರತಿ ಪ್ಯಾರಾ ಪಕ್ಕ ಅದು ಏನು ಹೇಳುತ್ತೆ ಅಂತ ಕನ್ನಡದಲ್ಲಿ ಒಂದೇ ಸಾಲು. 'ಮತ್ತು' ಹಾಕದೆ ಆ ಸಾಲು ಬರೆಯೋಕಾಗದಿದ್ರೆ ಪ್ಯಾರಾ ಒಡೆಯಿರಿ. ಸಾಲೇ ಬರ್ಲಿಲ್ಲ ಅಂದ್ರೆ ಪ್ಯಾರಾ ತೆಗೀರಿ. ಆ ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಿದ್ರೆ ವಾದ ಕಾಣ್ಬೇಕು. ಈ ಸುತ್ತಲ್ಲಿ ಸ್ಪೆಲಿಂಗ್ ಮುಟ್ಟಬೇಡಿ, ಅಳಿಸಿಹೋಗೋ ವಾಕ್ಯಕ್ಕೆ ಯಾಕೆ ಪಾಲಿಶ್?

ಎರಡನೇ ಸುತ್ತು ಜೋರಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ಗೀಟು. 'ಬಂದು, ನೋಡಿ, ತಿಂದು, ಹೋಗ್ತಾರೆ' ಅಂತ ನಾವು ಪೋಣಿಸ್ತಾ ಹೋಗೋ ಅಭ್ಯಾಸ ಇಂಗ್ಲಿಷಲ್ಲಿ 'ಅಂಡ್, ಅಂಡ್, ಅಂಡ್' ಆಗಿರುತ್ತೆ, ಅಲ್ಲಿ ಕತ್ತರಿಸಿ. ಮೂರನೇ ಸುತ್ತು ವ್ಯಾಕರಣಕ್ಕೆ, ಕೊನೇ ವಾಕ್ಯದಿಂದ ಮೇಲಕ್ಕೆ ಓದಿ. ಅರ್ಥ ಮುಂದಕ್ಕೆ ಎಳೆಯದ ಕಾರಣ ತಪ್ಪು ಕಣ್ಣಿಗೆ ಹೊಡೆಯುತ್ತೆ. ಒಂದು ಓದಿಗೆ ಒಂದೇ ಜಾತಿಯ ತಪ್ಪು ಹುಡುಕಿ: ಒಮ್ಮೆ ಕ್ರಿಯಾಪದದ 'ಎಸ್', ಒಮ್ಮೆ ಕಾಲ, ಒಮ್ಮೆ 'ಎ' ಮತ್ತು 'ದ'.

ಚೆಕ್ಕರ್ ಆಮೇಲೆ. ಅದು 'ಎಸ್' ಹಿಡಿಯುತ್ತೆ, 'ನೆಸೆಸರಿ ಆಕ್ಷನ್' ವ್ಯಾಕರಣದಲ್ಲಿ ಸರಿಯಿರೋದ್ರಿಂದ ಸುಮ್ಮನೆ ಬಿಡುತ್ತೆ. ಯಾಕೆ ಬದಲಾಯ್ತು ಅಂತ ನಿಮಗೆ ಹೇಳೋಕಾದ್ರೆ ಮಾತ್ರ ಒಪ್ಕೊಳಿ.

ಪೇಪರಿನಿಂದ ಏನಾದ್ರೂ ತಗೊಂಡ್ರೆ ಪತ್ರಿಕೆ ಹೆಸರು, ತಾರೀಖು ಅಲ್ಲೇ ಗುರುತು ಹಾಕ್ಕೊಳಿ. ಆಕರ ನಮೂದಿಸೋಕೆ ಎಂಎಲ್‌ಎ ಶೈಲಿ ಬೇಕಾ ಎಪಿಎ ಶೈಲಿ ಬೇಕಾ ಅಂತ ವಿಭಾಗದಲ್ಲಿ ಕೇಳಿ, ಎರಡನ್ನೂ ಬೆರೆಸಬೇಡಿ.

ಗಿರಿದಾರಿ (ಚಿಕ್ಕಮಗಳೂರು)

ಪ್ಯಾರಾ ಹೊಸದಾಗಿ ಶುರು ಮಾಡಿದೀನಿ, ಸಂಖ್ಯೆ ಈ ಭಾನುವಾರ ಎಣಿಸಿ ತುಂಬ್ತೀನಿ:

"ಆನ್ ವೀಕೆಂಡ್ಸ್, ದ ರೋಡ್ ಅಬವ್ ಕೈಮರ ಫಿಲ್ಸ್ ವಿತ್ ಕಾರ್ಸ್. ಬಿಟ್ವೀನ್ 9 ಅಂಡ್ 10 ಆನ್ ಒನ್ ಸಂಡೇ, ಐ ಕೌಂಟೆಡ್ ____ ವೆಹಿಕಲ್ಸ್. ದಿಸ್ ಮೇಕ್ಸ್ ಇಟ್ ಡಿಫಿಕಲ್ಟ್ ಫಾರ್ ಎನ್ ಆಂಬುಲೆನ್ಸ್ ಟು ಪಾಸ್."

ಅಂಚಿನ ಗೀಟು (ಬೇಲೂರು)

ಈಗ ದಾರಿಗೆ ಬಂತು. ಎರಡು ಕಡೆ ನೋಡಿ. ಮೊದಲನೇ ವಾಕ್ಯದಲ್ಲಿ 'ವೀಕೆಂಡ್ಸ್', ಎರಡನೆಯದರಲ್ಲಿ 'ಒನ್ ಸಂಡೇ'. ಕೆಂಪುಶಾಯಿ ಬೇಡ ಅಂದಿದ್ದೇ ಅದು. ಮೂರನೆಯದರಲ್ಲಿ 'ದಿಸ್' ಅಂದ್ರೆ ಯಾವುದು, ಗಾಡಿ ಸಂಖ್ಯೆನಾ, ಗಾಡಿ ನಿಂತಿರೋದಾ? ಅಲ್ಲೊಂದು ನಾಮಪದ ಹಾಕಿ. ಅದಕ್ಕೂ ಮುಂಚೆ ರಸ್ತೆ ಎಷ್ಟು ಕಿರಿದು ಅಂತ ಒಂದು ವಾಕ್ಯ ಬರ್ಲಿ, ಇಲ್ಲಾಂದ್ರೆ ಆಂಬುಲೆನ್ಸ್ ಎಲ್ಲಿಂದಲೋ ಬಂದ ಹಾಗಿದೆ.