ಸಹಾಯ ಬೇಕು: ಎಲ್ರೂ ಕಾಲ್ ಮಾಡೋ ಟೇಬಲಲ್ಲಿ ಏಸ್-ಕಿಂಗ್ ಹೆಂಗೆ ಆಡೋದು?

ಲೈವ್ ಪೋಕರ್ ಆಡೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳ್ರಪ್ಪ. ಗೋವಾಗೆ ಹೋದಾಗ ಪಣಜಿಲಿ ಮಾಂಡೋವಿ ಮೇಲೆ ನಿಂತಿರೋ ಕ್ಯಾಸಿನೋ ಹಡಗಲ್ಲಿ 100/200 ಹೋಲ್ಡೆಮ್ (ಕೈಗೆ ಎರಡು ಕಾರ್ಡ್ ಕೊಡೋ ಪೋಕರ್, ಆಟ ಶುರುವಾಗೋ ಮುಂಚೆ ಇಬ್ರು 100, 200 ಹಾಕ್ಲೇಬೇಕು) ಆಡ್ತೀನಿ, 20,000 ಇಟ್ಕೊಂಡು ಕೂರೋದು. ಲೆಕ್ಕಕ್ಕೆ 100 ಬಿಗ್ ಬ್ಲೈಂಡ್ (ಅಂದ್ರೆ ಆ 200ರ ನೂರು ಪಟ್ಟು), ಆದ್ರೆ ಪ್ರತಿ ಹ್ಯಾಂಡೂ ಯಾರಾದ್ರೂ 400 ಸ್ಟ್ರ್ಯಾಡಲ್ (ಕಾರ್ಡ್ ನೋಡೋ ಮುಂಚೆ ತಾವಾಗೇ ಹಾಕೋ ಡಬಲ್ ಬೆಟ್) ಹಾಕೇ ಹಾಕ್ತಾರೆ, ಅಲ್ಲಿಗೆ ನಂದು ಬರೀ 50 ಆಯ್ತು. ಏಸ್-ಕಿಂಗ್ ಬಂತು ಅಂತ 1,600 ರೈಸ್ ಮಾಡಿದ್ರೆ ನಾಲ್ಕು ಜನ ಕಾಲ್ (ಅಷ್ಟೇ ದುಡ್ಡು ಹಾಕಿ ಆಟದಲ್ಲಿ ಉಳೀತಾರೆ), ಫ್ಲಾಪಲ್ಲಿ (ಟೇಬಲ್ ಮೇಲೆ ತೆಗೆಯೋ ಮೊದಲ ಮೂರು ಕಾರ್ಡಲ್ಲಿ) ನಂಗೇನೂ ಸಿಗಲ್ಲ, ಪಾಟ್ (ಮಧ್ಯದಲ್ಲಿ ಸೇರಿರೋ ದುಡ್ಡು) ಆಗ್ಲೇ 8,000 ದಾಟಿರುತ್ತೆ, ಬ್ಲಫ್ ಮಾಡೋಣ ಅಂದ್ರೆ ಈ ಜನ ಬಾಟಮ್ ಪೇರ್ (ಟೇಬಲ್ ಮೇಲಿನ ಅತಿ ಚಿಕ್ಕ ಕಾರ್ಡಿನ ಜೋಡಿ) ಇದ್ರೂ ಬಿಡಲ್ಲ ಮಾರಾಯ್ರೇ!

2,400ಕ್ಕೆ ಏರ್ಸಿ ನೋಡ್ದೆ, ಅದೇ ಕಥೆ. ಒಳ್ಳೆ ಕಾರ್ಡ್ ಬಂದಾಗ ಮಾತ್ರ ಆಡ್ತಾ ಸುಮ್ನೆ ಟೈಟಾಗಿ ಕೂತ್ರೆ ಪಕ್ಕದವ್ರು ಗಮನಿಸ್ತಾರೆ, ಎರಡು ಏಸ್ ಬಂದಾಗ ಎಲ್ರೂ ಕಾರ್ಡ್ ಬಿಟ್ಟು ಫೋಲ್ಡ್. ಫ್ಲೋರ್‌ನವ್ರನ್ನ (ಟೇಬಲ್ ನೋಡ್ಕೊಳ್ಳೋ ಸಿಬ್ಬಂದಿನ) ಕೇಳಿ ಸೀಟ್ ಬದಲಾಯ್ಸಿ, ಕಾರ್ಡ್ ನೋಡ್ದೇ ರೈಸ್ ಮಾಡೋ ಅಂಕಲ್ ಎಡಗಡೆ ಕೂತೆ. ಅವರು ಏನು ಮಾಡ್ತಾರೆ ಅಂತ ನನ್ನ ಸರದಿಗೆ ಮೊದಲೇ ಗೊತ್ತಾಗುತ್ತೆ, ಅಷ್ಟು ಉಪಯೋಗ ಆಯ್ತು, ಆದ್ರೆ ನನ್ನ ನಂತರ ಆಡೋರು ಕಾಲ್ ಮಾಡೋದು ನಿಲ್ಲಲ್ಲ.

ಈಗ ಗೊಂದಲ ಇಷ್ಟೇ: ಇಂಥ ಟೇಬಲಲ್ಲಿ, ಮುಂಚೆ ಆಡೋ ಪೊಸಿಷನ್ನಲ್ಲಿದ್ದಾಗ, ಏಸ್-ಕಿಂಗ್‌ಗೆ 3,000ಕ್ಕಿಂತ ದೊಡ್ಡದಾಗಿ ರೈಸ್ ಮಾಡ್ಬೇಕಾ, ಇಲ್ಲ ಲಿಂಪ್ ಮಾಡಿ (ರೈಸ್ ಮಾಡ್ದೇ ಬರೀ ಕಾಲ್ ಮಾಡಿ) ಫ್ಲಾಪ್ ನೋಡ್ಬೇಕಾ? 40,000 ಇಟ್ಕೊಂಡು ಕೂತ್ರೆ ಉತ್ತರ ಬದಲಾಗುತ್ತಾ?