ಸಹಾಯ ಬೇಕು: ಮೈಸೂರಿನಲ್ಲಿ ನಿಧಾನದ ಯೋಗ ಹೇಳಿಕೊಡುವವರು ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಕುವೆಂಪುನಗರ, ವಯಸ್ಸು 52. ಮೈಸೂರಲ್ಲಿ ಯೋಗ ಕ್ಲಾಸಿಗೇನು ಬರ, ಅಲ್ವಾ? ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸದ ಊರಿದು. ಒಂದು ಆಸನಕ್ಕೆ ಐದು ಉಸಿರು, ಆಮೇಲೆ ಮುಂದಿನದು. ಹುಡುಗರಿಗೆ ಸರಿ, ನನ್ನ ಮಂಡಿಗೆ ಆ ವೇಗ ಆಗಿಬರುವುದಿಲ್ಲ.

ಹಾಗಾಗಿ ಮನೆಯಲ್ಲೇ ಯಿನ್ ಯೋಗ ಶುರು ಮಾಡಿದ್ದೇನೆ. ಒಂದೊಂದು ಆಸನದಲ್ಲಿ 3ರಿಂದ 5 ನಿಮಿಷ ಸುಮ್ನೆ ಇರುವುದು. ರಾತ್ರಿ ಗೋಡೆಗೆ ಕಾಲು ಚಾಚಿ ಮಲಗುತ್ತೇನೆ, ಸೊಂಟದ ಕೆಳಗೆ ಮಡಚಿದ ಜಮಖಾನ. ಮೊದಲ ನಿಮಿಷ ತಲೆ ತುಂಬ ಹಾಲು, ಕುಕ್ಕರ್, ನಾಳೆಯ ತಿಂಡಿ. ಮೂರನೇ ನಿಮಿಷಕ್ಕೆ ಉಸಿರು ತಾನಾಗೇ ನಿಧಾನವಾಗುತ್ತದೆ. ನಿದ್ದೆಯೂ ಬೇಗ ಬರುತ್ತಿದೆ.

ತೊಂದರೆ ಒಂದೇ. ಕಾಲು ಚಾಚಿ ಮುಂದೆ ಬಾಗಿದಾಗ ತೊಡೆಯ ಹಿಂಭಾಗ ಎಳೆಯುವುದು ಸರಿ, ಆದರೆ ಎಡ ಮಂಡಿಯೊಳಗೆ ಚುಳ್ ಅನ್ನುತ್ತದೆ. ತಕ್ಷಣ ಬಿಟ್ಟುಬಿಡುತ್ತೇನೆ. ಮಂಡಿ ಕೆಳಗೆ ದಿಂಬು ಇಟ್ಟರೆ ಸಾಕಾ, ಆ ಆಸನವನ್ನೇ ಬಿಡಬೇಕಾ? ಪಕ್ಕದಲ್ಲಿ ಕೂತು ನೋಡಿ ತಿದ್ದುವವರು ಬೇಕು. ಯೋಗನಿದ್ರೆಯೂ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ಸಂಜೆ 5ರ ಮೇಲೆ, ಐದಾರು ಜನರ ಕ್ಲಾಸಾದರೆ ಅನುಕೂಲ. ಯೂಟ್ಯೂಬ್ ಲಿಂಕ್ ಮಾತ್ರ ಬೇಡ, ಅದು ಬೇಕಾದಷ್ಟಿದೆ.