ಅಪ್‌ಡೇಟ್: ಬೆನ್ನಿನ ಆಪರೇಷನ್ ಆಗಿ ಎಂಟು ತಿಂಗಳು, ಚಾಮುಂಡಿ ಬೆಟ್ಟದ ನಂದಿವರೆಗೆ ಹತ್ತಿದೆ!

ಎಲ್4-ಎಲ್5 ಡಿಸ್ಕ್ (ಸೊಂಟದ ಹತ್ತಿರ ಬೆನ್ನುಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ಆದ ಮೇಲೆ ಮತ್ತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಕೆ ಆಗುತ್ತಾ ಅಂತ ಹಿಂದೊಮ್ಮೆ ಇಲ್ಲಿ ಕೇಳಿದ್ದೆ. ಆಗಿನ್ನೂ ಮೂರು ವಾರ ಆಗಿತ್ತು, ತುಂಬಾ ಹೆದರಿದ್ದೆ. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.

ಹೋದ ಭಾನುವಾರ ಮೆಟ್ಟಿಲ ದಾರಿಯಲ್ಲಿ ಸಿಗುವ ದೊಡ್ಡ ನಂದಿ ವಿಗ್ರಹದವರೆಗೆ ಹತ್ತಿದೆ. ಅಲ್ಲಿ ಕೂತು ಮೈಸೂರು ನೋಡುವಾಗ ಕಣ್ಣು ತುಂಬಿ ಬಂತು.

ಮೊದಲ ಆರು ವಾರ ನಡಿಗೆಯೇ ನನ್ನ ವ್ಯಾಯಾಮ. ಹತ್ತು ನಿಮಿಷದಿಂದ ಶುರು. ಬಗ್ಗೋದು, ಸೊಂಟ ತಿರುಗಿಸೋದು, ಭಾರ ಎತ್ತೋದು ಮೂರೂ ಬಂದ್. ನೀರಿನ ಕೊಡ ಕೂಡ ಮುಟ್ಟಲಿಲ್ಲ. ಆಮೇಲೆ ಫಿಸಿಯೋ ಹೇಳಿಕೊಟ್ಟ ಹೊಟ್ಟೆ, ಪೃಷ್ಠದ ಸ್ನಾಯುಗಳ ವ್ಯಾಯಾಮ. ಬೆನ್ನಿಗೆ ಆಸರೆ ಕೊಡೋದೇ ಅವು, ಅಲ್ವಾ?

ಕಾಲಿಗೆ ಇಳಿಯುತ್ತಿದ್ದ ನೋವು ಆಪರೇಷನ್ ಆದ ಮರುದಿನವೇ ಹೋಗಿತ್ತು. ಆದರೆ ಹೆಬ್ಬೆರಳಿನ ಜೋಮು ಐದು ತಿಂಗಳು ಉಳಿಯಿತು. ಆಪರೇಷನ್ ಫೇಲ್ ಆಯ್ತೇನೋ ಅಂತ ರಾತ್ರಿಯೆಲ್ಲ ಕೊರಗಿದ್ದೆ. ನರ ಬಹಳ ನಿಧಾನವಾಗಿ ಚೇತರಿಸಿಕೊಳ್ಳುತ್ತೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ನಿದ್ದೆ ಉಳಿಯುತ್ತಿತ್ತು! ಜೋಮು ಇದ್ದಕ್ಕಿದ್ದಂತೆ ಜಾಸ್ತಿ ಆದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ, ತೊಡೆ ಸಂದಿ ಮರಗಟ್ಟಿದರೆ ಮಾತ್ರ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ನಾಲ್ಕನೇ ತಿಂಗಳಲ್ಲಿ ಬೈಕ್‌ನಲ್ಲಿ ಒಂದು ಹಂಪ್ ಜೋರಾಗಿ ಹಾರಿಸಿದೆ. ಎರಡು ವಾರ ಸೊಂಟ ಹಿಡಿದುಕೊಂಡಿತ್ತು. ಅದು ನನ್ನದೇ ಆತುರ.

ಬೆಟ್ಟ ಇಳಿಯುವಾಗ ಮಾತ್ರ ಬಸ್ ಹಿಡಿಯೋಣ ಅಂತಿದ್ದೇನೆ. ಮೇಲಿನ ತನಕ ಹತ್ತೋದು ಮುಂದಿನ ತಿಂಗಳು.